ಇತಿಹಾಸದ ಸ್ಟ್ರಾಟಜಿ ಆಟ ಕೊಳ್ಳುವ ಮುನ್ನ: ಬೀಗ ಯಾವುದಕ್ಕೆ ಹಾಕಿದ್ದಾರೆ ನೋಡಿ

ಇತಿಹಾಸವನ್ನು ವಸ್ತುವಾಗಿಟ್ಟುಕೊಂಡ ಸ್ಟ್ರಾಟಜಿ ಆಟವೊಂದನ್ನು ಕೊಳ್ಳಲು ಹೊರಟವರಿಗೆ ಮೊದಲು ತಲೆ ಕೆಡುವುದು ಅದರ ಬೆಲೆಪಟ್ಟಿಯ ಮುಂದೆ. ಹೆಸರಾಂತ ಆಟವೊಂದರ ಮಾರಾಟದ ಪುಟ ತೆರೆದರೆ ಮೂಲ ಆಟಕ್ಕೊಂದು ದರ, ಅದರ ಕೆಳಗೆ ಸಾಲುಸಾಲಾಗಿ ಡಿಎಲ್‌ಸಿಗಳು (ಮೂಲ ಆಟಕ್ಕೆ ಆಮೇಲೆ ಜೋಡಿಸಿಕೊಳ್ಳಲು ಬೇರೆಯಾಗಿ ಮಾರುವ ಭಾಗಗಳು), ಪಕ್ಕದಲ್ಲಿ ತಿಂಗಳ ಚಂದಾ, ಇವೆಲ್ಲವನ್ನೂ ಸೇರಿಸಿ ಕಟ್ಟಿದ ಎರಡು ಮೂರು ಬಗೆಯ ಬಂಡಲ್‌ಗಳು ಕಾಣಿಸುತ್ತವೆ. ಹೀಗಾಗಿ ನನ್ನನ್ನು ಕೇಳುವವರಲ್ಲಿ ಹೆಚ್ಚಿನವರ ಪ್ರಶ್ನೆ ‘ಯಾವುದು ಒಳ್ಳೆಯ ಆಟ’ ಎಂಬುದಕ್ಕಿಂತ ‘ಎಷ್ಟು ಕೊಟ್ಟರೆ ಪೂರ್ತಿ ಆಟ ಕೈಗೆ ಬರುತ್ತದೆ’ ಎಂಬುದೇ ಆಗಿರುತ್ತದೆ. ಈ ಪ್ರಶ್ನೆಗೆ ಆಟದಿಂದ ಆಟಕ್ಕೆ ಉತ್ತರ ಬೇರೆಯಾಗುತ್ತದೆ. ಅತ್ಯುತ್ತಮವಾಗಿ ರೂಪಿಸಿದ ಆಟವೇ ಮಾರಾಟದ ರೀತಿಯಿಂದ ಕೆಟ್ಟದ್ದೂ ಉಂಟು.

ನಾನು ಆಟಗಳನ್ನು ತೂಗುವಾಗ ಮೊದಲು ಕೇಳಿಕೊಳ್ಳುವುದು, ಹಣ ಕೊಟ್ಟು ತೆಗೆಸಬೇಕಾದ ಬೀಗವನ್ನು ಯಾವುದಕ್ಕೆ ಹಾಕಿದ್ದಾರೆ ಎಂದು. ಹೊಸ ರಾಜ್ಯ, ಹೊಸ ದಂಡಯಾತ್ರೆ, ಹೊಸ ಕಾಲಘಟ್ಟಗಳಿಗೆ ಬೀಗವಿದ್ದರೆ ತಕರಾರಿಲ್ಲ. ಬೇಕಾದವರು ಕೊಳ್ಳುತ್ತಾರೆ, ಬೇಡವಾದವರು ಇದ್ದುದರಲ್ಲೇ ಆಡುತ್ತಾರೆ. ಆಟ ಸರಾಗವಾಗಿ ನಡೆಯಲು ಬೇಕಾದ ಗುಂಡಿಗೇ ಬೀಗವಿದ್ದರೆ ಕೊಂಡವರು ಕೊಂಡದ್ದು ಅರೆಬರೆ ಆಟವನ್ನು. ಬೀಗ ಸಮಯಕ್ಕೆ ಬಿದ್ದಿದ್ದರೆ, ಅಂದರೆ ಕಾಯಿಸಿ ಸತಾಯಿಸಿ ಆಮೇಲೆ ಕಾಯದಿರಲು ಹಣ ಕೇಳುವ ಪದ್ಧತಿಯಿದ್ದರೆ, ಯೋಚನೆಗೆ ಅಲ್ಲಿ ಬೆಲೆಯೇ ಉಳಿಯುವುದಿಲ್ಲ. ಎರಡನೆಯದಾಗಿ, ಹಣ ಕೊಡುವುದನ್ನು ನಿಲ್ಲಿಸಿದ ಮರುದಿನ ಕೈಯಲ್ಲಿ ಏನು ಉಳಿಯುತ್ತದೆ ಎಂಬುದನ್ನು ನೋಡುತ್ತೇನೆ. ಮೂರನೆಯದು ಮೂಲ ಆಟವೊಂದೇ ಎಷ್ಟು ಕಾಲ ತೃಪ್ತಿ ಕೊಟ್ಟೀತು ಎಂಬುದು. ನಿಮ್ಮ ಬಿಡುವು ಎಷ್ಟು, ಕಂಪ್ಯೂಟರ್ ಎಂಥದ್ದು ಎಂಬ ಪ್ರಶ್ನೆ ಕೊನೆಯದು. ಅದಕ್ಕೆ ಉತ್ತರ ನಿಮಗೇ ಗೊತ್ತಿರುತ್ತದೆ.

ಬೀಗದ ಪ್ರಶ್ನೆಯನ್ನು ಮೊದಲಿಗೆ ಇಡಲು ಕಾರಣವಾದ ಆಟವೊಂದಿದೆ. 2011ರ ಆಗಸ್ಟ್‌ನಲ್ಲಿ ಬಂದ ‘ಏಜ್ ಆಫ್ ಎಂಪೈರ್ಸ್ ಆನ್‌ಲೈನ್’ ಉಚಿತ ಆಟವಾಗಿತ್ತು. ಗ್ರೀಕರನ್ನೋ ಈಜಿಪ್ಟಿನವರನ್ನೋ ಆರಿಸಿಕೊಂಡು ರಾಜಧಾನಿ ಕಟ್ಟಿ, ಒಂದೊಂದೇ ಕಾರ್ಯಭಾರ ಮುಗಿಸುತ್ತ ಬೆಳೆಯುವ ಈ ಆಟದಲ್ಲಿ ಯುದ್ಧ ಗೆದ್ದಾಗ ಅಪರೂಪದ ಆಯುಧಗಳು, ಕವಚಗಳು ಬಹುಮಾನವಾಗಿ ಸಿಗುತ್ತಿದ್ದವು. ಆದರೆ ಸುಮಾರು 20 ಡಾಲರ್ ಕೊಟ್ಟು ಪ್ರೀಮಿಯಂ ನಾಗರಿಕತೆಯನ್ನು ಕೊಳ್ಳದವರು ಅವನ್ನು ಸೈನಿಕರಿಗೆ ತೊಡಿಸುವಂತಿರಲಿಲ್ಲ. ಗಂಟೆಗಟ್ಟಲೆ ಆಡಿ ಗೆದ್ದ ಈಟಿ ಉಗ್ರಾಣದಲ್ಲಿ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಬರುತ್ತಿರಲಿಲ್ಲ. ಉಚಿತ ಎಂದು ಬಂದವರಿಗೆ ಇದು ಮೋಸವೆನ್ನಿಸಿತು, ಕೊಳ್ಳಲು ಸಿದ್ಧರಿದ್ದವರಿಗೆ ದುಬಾರಿ ಎನ್ನಿಸಿತು. ಮುಂದೆ ನಿಯಮಗಳನ್ನು ಸಡಿಲಿಸಿ, ಆಡುತ್ತಲೇ ಗಳಿಸಬಹುದಾದ ಅಂಕಗಳ ವ್ಯವಸ್ಥೆಯನ್ನು ತಂದರೂ ಬಿಟ್ಟುಹೋದವರು ಮರಳಲಿಲ್ಲ. 2014ರ ಜುಲೈ 1ರಂದು ಸರ್ವರ್‌ಗಳನ್ನು ಮುಚ್ಚಿದಾಗ, ಹಣ ಕೊಟ್ಟು ಕೊಂಡಿದ್ದವರ ಕೈಯಲ್ಲೂ ಏನೂ ಉಳಿಯಲಿಲ್ಲ. ಆ ಆಟದ ಒಳಗಿನ ತಿರುಳು ಗಟ್ಟಿಯಾಗಿತ್ತು ಎಂಬುದಕ್ಕೆ, ಅಭಿಮಾನಿಗಳೇ ಕೂಡಿ ‘ಪ್ರಾಜೆಕ್ಟ್ ಸೆಲೆಸ್ಟ್’ ಎಂಬ ಹೆಸರಿನಲ್ಲಿ ತಮ್ಮದೇ ಸರ್ವರ್ ಸ್ಥಾಪಿಸಿ ಅದಕ್ಕೆ ಮತ್ತೆ ಜೀವ ಕೊಟ್ಟದ್ದೇ ಸಾಕ್ಷಿ.

ಯುರೋಪಾ ಯೂನಿವರ್ಸಾಲಿಸ್ 4

ಆಯ್ಕೆ ಅತ್ಯಂತ ಕಷ್ಟವಾಗುವುದು ಇಲ್ಲಿ. ಪ್ಯಾರಡಾಕ್ಸ್ ಸಂಸ್ಥೆ 2013ರ ಆಗಸ್ಟ್‌ನಲ್ಲಿ ಹೊರತಂದ ಈ ಆಟ 1444ರ ನವೆಂಬರ್ 11ರಂದು, ಅಂದರೆ ಒಟ್ಟೊಮನ್ನರು ಗೆದ್ದ ವಾರ್ನಾ ಕದನದ ಮರುದಿನ ಆರಂಭವಾಗಿ 1821ರವರೆಗೆ ಸಾಗುತ್ತದೆ. ಆ ದಿನ ಭೂಪಟದ ಮೇಲಿದ್ದ ಯಾವ ರಾಜ್ಯವನ್ನಾದರೂ ಆರಿಸಿಕೊಳ್ಳಬಹುದು: ಕಾನ್‌ಸ್ಟಾಂಟಿನೋಪಲ್ಲಿನ ಮೇಲೆ ಕಣ್ಣಿಟ್ಟ ಒಟ್ಟೊಮನ್ನರು, ನೂರು ವರ್ಷಗಳ ಯುದ್ಧದ ಕೊನೆಯ ಹಂತದಲ್ಲಿರುವ ಇಂಗ್ಲೆಂಡ್, ಉತ್ತರದಲ್ಲಿ ಬಹಮನಿಗಳನ್ನು ಎದುರಿಸಬೇಕಾದ ವಿಜಯನಗರ. ಸಾಮ್ರಾಜ್ಯವೊಂದನ್ನು ಶತಮಾನಗಳ ಕಾಲ ನಡೆಸುವ ಅನುಭವವನ್ನು ಇಷ್ಟು ವಿಸ್ತಾರವಾಗಿ ಕೊಡುವ ಆಟಗಳು ಕಡಿಮೆ. ನನಗೆ ಇದರ ಮೇಲೆ ಇರುವ ಪ್ರೀತಿಯೇ ಇದರ ಮಾರಾಟದ ರೀತಿಯ ಮೇಲಿನ ಬೇಸರಕ್ಕೂ ಕಾರಣ.

ಹತ್ತು ವರ್ಷಗಳಿಗೂ ಹೆಚ್ಚು ಕಾಲ ಒಂದರ ಹಿಂದೊಂದು ಡಿಎಲ್‌ಸಿ ಬಂದವು. ಅವುಗಳಲ್ಲಿ ಹಲವು ಬೀಗ ಹಾಕಿದ್ದು ಆಟದ ಸಾಧಾರಣ ಅನುಕೂಲಗಳಿಗೆ. ಯುದ್ಧದಲ್ಲಿ ನಿಮ್ಮ ಸೈನ್ಯ ಹಿಡಿದ ಕೋಟೆಯನ್ನು ಮಿತ್ರರಾಜ್ಯದ ವಶಕ್ಕೆ ಒಪ್ಪಿಸುವ ಸಣ್ಣದೊಂದು ಗುಂಡಿ 2014ರ ‘ಆರ್ಟ್ ಆಫ್ ವಾರ್’ ಡಿಎಲ್‌ಸಿಯೊಂದಿಗೆ ಬಂತು. ಆಡಳಿತ, ರಾಜತಾಂತ್ರಿಕತೆ ಮತ್ತು ಸೇನೆಯ ಅಂಕಗಳನ್ನು ಖರ್ಚುಮಾಡಿ ಒಂದು ಪ್ರಾಂತವನ್ನು ಬೆಳೆಸುವ ಅವಕಾಶ 2015ರ ‘ಕಾಮನ್ ಸೆನ್ಸ್’ನೊಂದಿಗೆ ಬಂತು.

ಈ ಎರಡನೆಯದರ ಕಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಇಡೀ ಸಮಸ್ಯೆ ಅದರಲ್ಲೇ ಅಡಗಿದೆ. 2016ರಲ್ಲಿ ಎಲ್ಲರಿಗೂ ಉಚಿತವಾಗಿ ಬಂದ ಅಪ್‌ಡೇಟ್ ತಂತ್ರಜ್ಞಾನದ ಲೆಕ್ಕಾಚಾರವನ್ನೇ ಬದಲಿಸಿತು. ಅಲ್ಲಿಂದ ಮುಂದೆ ನವೋದಯ (ಯುರೋಪಿನ ರಿನೈಸಾನ್ಸ್), ಮುದ್ರಣಾಲಯ ಮುಂತಾದವು ‘ಸಂಸ್ಥೆ’ಗಳಾಗಿ ಎಲ್ಲೋ ಒಂದು ಕಡೆ ಹುಟ್ಟಿ, ಪ್ರಾಂತದಿಂದ ಪ್ರಾಂತಕ್ಕೆ ನಿಧಾನವಾಗಿ ಹಬ್ಬತೊಡಗಿದವು, ತಲುಪದ ರಾಜ್ಯಗಳಿಗೆ ತಂತ್ರಜ್ಞಾನದ ವೆಚ್ಚ ವರ್ಷ ವರ್ಷಕ್ಕೂ ಏರುತ್ತಿತ್ತು. ನವೋದಯ 1450ರ ಹೊತ್ತಿಗೆ ಇಟಲಿಯಲ್ಲಿ ಮೊಳೆಯುತ್ತದೆ. ವಿಜಯನಗರವನ್ನು ಆಡುತ್ತಿರುವವರು ಅದು ತಾನಾಗಿ ಬರಲಿ ಎಂದು ಕೂತರೆ ದಶಕಗಳು ಉರುಳುತ್ತವೆ. ಅನುಭವಿ ಆಟಗಾರರು ಆಗ ಮಾಡುವುದೇನೆಂದರೆ, ಫಲವತ್ತಾದ ಒಂದೇ ಪ್ರಾಂತಕ್ಕೆ ಕೂಡಿಟ್ಟ ಅಂಕಗಳನ್ನೆಲ್ಲ ಸುರಿದು ಬೆಳೆಸಿ, ನವೋದಯವನ್ನು ತಮ್ಮ ನೆಲದಲ್ಲೇ ಹುಟ್ಟಿಸಿಕೊಳ್ಳುವುದು. ಆ ಬೆಳೆಸುವ ಗುಂಡಿ ಮಾತ್ರ ಹಿಂದಿನ ವರ್ಷದ ಡಿಎಲ್‌ಸಿಯ ಬೀಗದೊಳಗಿತ್ತು. ತೊಡಕು ಉಚಿತವಾಗಿ ಬಂತು, ಪರಿಹಾರಕ್ಕೆ ಹಣ ಕೊಡಬೇಕಾಯಿತು. ತಯಾರಕರು ಬೇಕೆಂದೇ ಹೀಗೆ ಮಾಡಿದರು ಎಂದು ನಾನು ಹೇಳುವುದಿಲ್ಲ. ಸಣ್ಣ ಸಣ್ಣ ತುಣುಕುಗಳಾಗಿ ಆಟವನ್ನು ಮಾರುತ್ತ ಹೋದರೆ ಒಂದು ತುಣುಕು ಇನ್ನೊಂದರ ಮೇಲೆ ನಿಲ್ಲಲೇಬೇಕಾಗುತ್ತದೆ, ಆಗ ಮೂಲ ಆಟವನ್ನಷ್ಟೇ ಕೊಂಡವರು ಎರಡನೆಯ ದರ್ಜೆಯವರಾಗುತ್ತಾರೆ.

ಬೀಗಗಳು ಸಡಿಲಗೊಂಡದ್ದೂ ಉಂಟು. 2015ರ ‘ಕೊಸ್ಯಾಕ್ಸ್’ ಡಿಎಲ್‌ಸಿಯಲ್ಲಿದ್ದ ಸಾಮಾಜಿಕ ವರ್ಗಗಳ ವ್ಯವಸ್ಥೆ 2020ರಲ್ಲಿ ಹೊಸ ರೂಪದಲ್ಲಿ ಎಲ್ಲರಿಗೂ ಸಿಕ್ಕಿತು, ಹಳೆಯ ಕೆಲವು ಡಿಎಲ್‌ಸಿಗಳನ್ನು ಮುಂದೆ ಮೂಲ ಆಟಕ್ಕೇ ಸೇರಿಸಿದರು. 2021ರ ಮಾರ್ಚ್‌ನಲ್ಲಿ, ಎಲ್ಲ ಡಿಎಲ್‌ಸಿಗಳನ್ನೂ ಬಳಸಲು ಬಿಡುವ, ತಿಂಗಳಿಗೆ ಸುಮಾರು 5 ಡಾಲರಿನ ಚಂದಾ ಆರಂಭವಾಯಿತು. ಅದಾದ ಮರುತಿಂಗಳೇ ಬಂದ ‘ಲೆವಯಥನ್’ ಡಿಎಲ್‌ಸಿ ಎಷ್ಟು ದೋಷಗಳೊಂದಿಗೆ ಬಂತೆಂದರೆ ತಯಾರಕರು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು.

ಹಾಗಾದರೆ ಕೊಳ್ಳಬೇಕೇ? ವರ್ಷಕ್ಕೊಮ್ಮೆ, ರಜೆಯಲ್ಲಿ ಮೂರು ನಾಲ್ಕು ವಾರ ಮುಳುಗಿ ಆಡಿ ಬಿಡುವವರಾದರೆ ಮೂಲ ಆಟವನ್ನು ಸೇಲ್‌ನಲ್ಲಿ ಕೊಂಡು ಒಂದು ತಿಂಗಳ ಚಂದಾ ಕಟ್ಟುವುದೇ ಲಾಭ. ಎಲ್ಲ ಡಿಎಲ್‌ಸಿಗಳನ್ನೂ ಬಿಡಿಬಿಡಿಯಾಗಿ ಕೊಳ್ಳುವ ಮೊತ್ತದ ಮುಂದೆ ಅದು ಏನೇನೂ ಅಲ್ಲ. ಚಂದಾ ಮುಗಿದ ಮೇಲೆ ಮೂಲ ಆಟ ಉಳಿಯುತ್ತದೆ, ಆದರೆ ಅರ್ಧ ನಡೆಸಿದ ಸಾಮ್ರಾಜ್ಯ ಮೊದಲಿನಂತೆ ಮುಂದುವರಿಯುವುದಿಲ್ಲ ಎಂಬುದು ನೆನಪಿರಲಿ. ವರ್ಷವಿಡೀ ಆಡುವವರು ದೊಡ್ಡ ಸೇಲ್‌ಗಾಗಿ ಕಾದು ಬಂಡಲ್ ಕೊಳ್ಳುವುದು ಮೇಲು. ಮೂಲ ಆಟವೊಂದನ್ನೇ ಕೊಂಡು ತೃಪ್ತರಾಗಬಹುದು ಎಂದು ಮಾತ್ರ ಯಾರಿಗೂ ಹೇಳಲಾರೆ.

ಇದರ ಮುಂದಿನ ಭಾಗವಾದ ‘ಯುರೋಪಾ ಯೂನಿವರ್ಸಾಲಿಸ್ 5’ 2025ರ ನವೆಂಬರ್‌ನಲ್ಲಿ ಬಂದಿದೆ. 1337ರಲ್ಲಿ ಆರಂಭವಾಗುವ ಇದರ ಮೂಲ ಆಟದಲ್ಲೇ ಜನಸಂಖ್ಯೆ, ಮಾರುಕಟ್ಟೆ, ಸಾಮಾಜಿಕ ವರ್ಗಗಳೆಲ್ಲ ಸೇರಿವೆ. ಹೊಸದಾಗಿ ಆರಂಭಿಸುವವರಿಗೆ ಬಾಕಿ ಬಿದ್ದ ಡಿಎಲ್‌ಸಿಗಳ ಹೊರೆ ಇಲ್ಲಿಲ್ಲ. ಆದರೆ ಶಕ್ತಿಶಾಲಿ ಕಂಪ್ಯೂಟರ್ ಬೇಕು, ಕಲಿಯುವುದಕ್ಕೆ ನಾಲ್ಕನೆಯದಕ್ಕಿಂತ ಹೆಚ್ಚು ತಾಳ್ಮೆಯೂ ಬೇಕು.

ಕ್ರುಸೇಡರ್ ಕಿಂಗ್ಸ್ 3

ಅದೇ ಸಂಸ್ಥೆಯ ಇನ್ನೊಂದು ಆಟದಲ್ಲಿ ಪಾಠ ಕಲಿತ ಲಕ್ಷಣ ಕಾಣುತ್ತದೆ. 2012ರ ‘ಕ್ರುಸೇಡರ್ ಕಿಂಗ್ಸ್ 2’ರಲ್ಲಿ ಮುಸ್ಲಿಂ ದೊರೆಯಾಗಿ ಆಡಲು ಒಂದು ಡಿಎಲ್‌ಸಿ, ವ್ಯಾಪಾರಿ ಗಣರಾಜ್ಯವಾಗಲು ಇನ್ನೊಂದು, ಭಾರತದ ರಾಜನಾಗಲು ಮತ್ತೊಂದು ಬೇಕಿತ್ತು. ಆ ದೊರೆಗಳು ಭೂಪಟದ ಮೇಲೆ ಕಾಣುತ್ತಿದ್ದರು, ಆಡಲು ಮಾತ್ರ ಸಿಗುತ್ತಿರಲಿಲ್ಲ. ಅದರ ಮೂಲ ಆಟ 2019ರಿಂದ ಉಚಿತವಾಗಿದೆ, ರುಚಿ ನೋಡಲು ಅಡ್ಡಿಯಿಲ್ಲ. 2020ರ ಸೆಪ್ಟೆಂಬರ್ 1ರಂದು ಬಂದ ಮೂರನೆಯ ಭಾಗದಲ್ಲಿ ಧರ್ಮದ ಆಧಾರದ ಮೇಲಿನ ಆ ಬೀಗಗಳನ್ನು ಮೂಲ ಆಟದಲ್ಲೇ ತೆಗೆದುಹಾಕಿದ್ದಾರೆ.

ಇಲ್ಲಿ ನೀವು ನಡೆಸುವುದು ರಾಜ್ಯಕ್ಕಿಂತ ಹೆಚ್ಚಾಗಿ ಒಂದು ವಂಶವನ್ನು. ಜೀವಮಾನವಿಡೀ ಹೋರಾಡಿ ಕೂಡಿಸಿದ ನಾಡು, ದೊರೆ ಸತ್ತ ಗಳಿಗೆಯಲ್ಲಿ ಮೂವರು ಗಂಡುಮಕ್ಕಳ ನಡುವೆ ಪಾಲಾಗಿ, ನೀವು ಹಿರಿಯ ಮಗನಾಗಿ ನಿಮ್ಮ ತಮ್ಮಂದಿರ ಎದುರೇ ದಂಡೆತ್ತಿ ನಿಲ್ಲಬೇಕಾಗುತ್ತದೆ. ಆಟದ ಜೀವಾಳವಾದ ಈ ಸಂಕಟಕ್ಕೆ ಯಾವ ಡಿಎಲ್‌ಸಿಯೂ ಬೇಕಿಲ್ಲ. 2022ರ ‘ರಾಯಲ್ ಕೋರ್ಟ್’ ಆಸ್ಥಾನವನ್ನು ಕೊಟ್ಟರೆ, 2024ರ ‘ರೋಡ್ಸ್ ಟು ಪವರ್’ ಭೂಮಿಯಿಲ್ಲದ ಅಲೆಮಾರಿ ಸಾಹಸಿಯಾಗಿ ಬದುಕುವ ಅವಕಾಶ ಕೊಟ್ಟಿತು. ಮೊದಲನೆಯದನ್ನು ಬಿಟ್ಟರೂ ನಷ್ಟವಿಲ್ಲ. ಎರಡನೆಯದು ಆಟಕ್ಕೆ ನಿಜವಾಗಿಯೂ ಹೊಸ ದಾರಿ ತೆರೆಯುವುದರಿಂದ ಮುಂದೊಮ್ಮೆ ಕೊಳ್ಳಬಹುದು. ಆ ವರ್ಷದ ಡಿಎಲ್‌ಸಿಗಳನ್ನು ಒಟ್ಟುಗೂಡಿಸಿ ವರ್ಷಕ್ಕೊಂದು ‘ಚಾಪ್ಟರ್’ ಎಂದು ಮುಂಗಡವಾಗಿ ಮಾರುವ ಪದ್ಧತಿ ಮಾತ್ರ ನನಗೆ ಒಪ್ಪಿಗೆಯಿಲ್ಲ. ಇನ್ನೂ ತಯಾರಾಗದ್ದಕ್ಕೆ ಮೊದಲೇ ಹಣ ಕೊಡುವ ಅವಸರ ಆಟಗಾರರಿಗೆ ಏಕಿರಬೇಕು?

ಸಿವಿಲೈಸೇಶನ್ 6 ಮತ್ತು 7

ಟರ್ನ್‌ಗಳಲ್ಲಿ, ಅಂದರೆ ಒಬ್ಬರಾದ ಮೇಲೆ ಒಬ್ಬರು ಸರದಿಯಂತೆ ನಡೆ ಇಡುವ ಕ್ರಮದಲ್ಲಿ ಸಾಗುವ ಸಿವಿಲೈಸೇಶನ್ ಇವುಗಳಿಗಿಂತ ಸುಲಭವಾಗಿ ಹಿಡಿತಕ್ಕೆ ಬರುತ್ತದೆ. 2016ರಲ್ಲಿ ಬಂದ ಆರನೆಯ ಭಾಗದ ಡಿಎಲ್‌ಸಿಗಳು ಬಹಳವಿದ್ದರೂ ಕೊಳ್ಳುವ ದಾರಿ ಸರಳ. 2019ರ ‘ಗ್ಯಾದರಿಂಗ್ ಸ್ಟಾರ್ಮ್’ ಎಂಬ ಎಕ್ಸ್‌ಪಾನ್ಶನ್‌ನಲ್ಲಿ (ಆಟವನ್ನು ಹಿಗ್ಗಿಸುವ ದೊಡ್ಡ ಡಿಎಲ್‌ಸಿಯಲ್ಲಿ) ಪ್ರವಾಹ, ಜ್ವಾಲಾಮುಖಿ, ಹವಾಮಾನ ಬದಲಾವಣೆಗಳ ಜೊತೆಗೆ, ಅದಕ್ಕೂ ಹಿಂದಿನ ‘ರೈಸ್ ಅಂಡ್ ಫಾಲ್’ನ ಗವರ್ನರ್‌ಗಳು, ನಗರಗಳ ನಿಷ್ಠೆ ಮುಂತಾದ ನಿಯಮಗಳೂ ಸೇರಿವೆ, ಸೇರದಿರುವುದು ಹಿಂದಿನದರ ನಾಯಕರು ಮತ್ತು ನಾಗರಿಕತೆಗಳು ಮಾತ್ರ. ಆದ್ದರಿಂದ ಬಜೆಟ್ ಕಡಿಮೆಯಿರುವವರು ಮೂಲ ಆಟ ಮತ್ತು ‘ಗ್ಯಾದರಿಂಗ್ ಸ್ಟಾರ್ಮ್’ ಎರಡನ್ನೇ ಕೊಂಡು ನಿಲ್ಲಿಸಬಹುದು.

ಏಳನೆಯ ಭಾಗದ ವಿಷಯದಲ್ಲಿ ಕಾಯಿರಿ ಎಂದೇ ನನ್ನ ಸಲಹೆ. 2025ರ ಫೆಬ್ರವರಿಯಲ್ಲಿ ಬಂದಾಗ ಮೂಲ ಆವೃತ್ತಿಗೆ 70 ಡಾಲರ್, ಅದರ ಮೇಲಿನದಕ್ಕೆ 100, ಎಲ್ಲಕ್ಕಿಂತ ಮೇಲಿನದಕ್ಕೆ 130 ಡಾಲರ್ ದರವಿತ್ತು, ಹೆಚ್ಚು ಕೊಟ್ಟವರು ಐದು ದಿನ ಮೊದಲೇ ಆಡಬಹುದಿತ್ತು. ಗ್ರೇಟ್ ಬ್ರಿಟನ್ ಮೂಲ ಆಟದಲ್ಲಿ ಇರಲಿಲ್ಲ. ಮಾರ್ಚ್‌ನಲ್ಲೇ ಹಣ ಕೊಟ್ಟು ಕೊಳ್ಳುವ ಪ್ಯಾಕ್‌ನಲ್ಲಿ ಬಂತು. ಹೊಸ ನಾಗರಿಕತೆಯನ್ನು ಮಾರುವುದು ತಪ್ಪಲ್ಲ ಎಂದು ನಾನೇ ಮೇಲೆ ಹೇಳಿದ್ದೇನೆ. ಆದರೆ ಆಧುನಿಕ ಯುಗವೊಂದನ್ನು ಕಟ್ಟಿ, ಅದರಿಂದ ಬ್ರಿಟನ್ನನ್ನು ತೆಗೆದಿಟ್ಟು, ತಿಂಗಳೊಪ್ಪತ್ತಿನಲ್ಲಿ ಅದನ್ನೇ ಮಾರಿದರೆ ಮೂಲ ಆಟ ಅಪೂರ್ಣವೆಂಬ ಭಾವನೆ ಬರದೆ ಇರದು. ಯುಗ ಬದಲಾದಾಗ ನಾಗರಿಕತೆಯನ್ನೇ ಬದಲಿಸಬೇಕೆಂದು ಇದು ಬಂದಾಗ ತಂದ ಹೊಸ ನಿಯಮ ದಿಟ್ಟವಾದದ್ದು, ನನಗೆ ಹಿಡಿಸಿತು ಕೂಡ. ಆದರೆ ಆರಂಭದಲ್ಲಿ ಪರದೆಯ ಮೇಲಿನ ಮಾಹಿತಿ ಅಸ್ಪಷ್ಟವಾಗಿತ್ತು, ಅದನ್ನು ಅಪ್‌ಡೇಟ್‌ಗಳಲ್ಲಿ ಸರಿಪಡಿಸುತ್ತ ಬಂದರು. ತಡವಾಗಿ ಕೊಂಡವರಿಗೆ ಕಡಿಮೆ ಬೆಲೆಗೆ ಉತ್ತಮ ಆಟ ಸಿಗುತ್ತದೆ.

ಸಿವಿಲೈಸೇಶನ್ 4ರ ಮುಖ್ಯ ವಿನ್ಯಾಸಕರಾಗಿದ್ದ ಸೋರೆನ್ ಜಾನ್ಸನ್ ರೂಪಿಸಿದ ‘ಓಲ್ಡ್ ವರ್ಲ್ಡ್’ ಇವೆರಡರ ನಡುವೆ ಮರೆತುಹೋಗುತ್ತದೆ. ರೋಮ್, ಈಜಿಪ್ಟ್, ಪರ್ಷಿಯಾಗಳ ಪ್ರಾಚೀನ ಕಾಲಕ್ಕೆ ಸೀಮಿತವಾದ ಈ ಆಟದಲ್ಲಿ ಪ್ರತಿ ಟರ್ನ್‌ಗೂ ಇಂತಿಷ್ಟೇ ಆಜ್ಞೆಗಳು ಎಂಬ ಮಿತಿಯಿದೆ. ಸೈನ್ಯ ನಡೆಸಬೇಕೋ ಗಣಿ ತೋಡಿಸಬೇಕೋ ಎಂಬುದು ನಿಜವಾದ ಆಯ್ಕೆಯಾಗುತ್ತದೆ. ಮೂಲ ಆಟವೇ ಪೂರ್ಣವಾಗಿದೆ. ಒಂದೇ ಸಲ ಹಣ ಕೊಟ್ಟು ಮುಗಿಸಬೇಕು ಎನ್ನುವವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಟೋಟಲ್ ವಾರ್

ಸಾವಿರಾರು ಸೈನಿಕರ ಯುದ್ಧವನ್ನು ಕಣ್ಣಾರೆ ನೋಡಬೇಕೆನ್ನುವವರು ಹೋಗುವುದು ಟೋಟಲ್ ವಾರ್ ಸರಣಿಗೆ. 2019ರ ‘ತ್ರೀ ಕಿಂಗ್‌ಡಮ್ಸ್’ನ ಡಿಎಲ್‌ಸಿ ತಯಾರಿಕೆಯನ್ನು ಎರಡು ವರ್ಷದಲ್ಲೇ ನಿಲ್ಲಿಸಿದಾಗ ಉಳಿದ ಭಾಗಗಳಿಗಾಗಿ ಕಾದಿದ್ದವರಿಗೆ ನಿರಾಸೆಯಾಯಿತು. ಡಿಎಲ್‌ಸಿ ಪದ್ಧತಿಯ ಇನ್ನೊಂದು ಮುಖವಿದು: ಮಾರಾಟ ನಿಂತರೆ ದುರಸ್ತಿಯೂ ನಿಲ್ಲುತ್ತದೆ. 2023ರ ‘ಫೇರೋ’ ವಿಷಯದಲ್ಲಿ ನಡೆದದ್ದು ಬೇರೆ. ದರ ಹೆಚ್ಚಾಯಿತೆಂಬ ದೂರು ಬಂದಾಗ ಬೆಲೆ ಇಳಿಸಿ, ಕೊಂಡವರಿಗೆ ಸ್ವಲ್ಪ ಹಣ ಮರಳಿಸಿ, 2024ರಲ್ಲಿ ಭೂಪಟವನ್ನು ಮೆಸೊಪೊಟೇಮಿಯಾ ಮತ್ತು ಗ್ರೀಸ್‌ವರೆಗೆ ಹಿಗ್ಗಿಸಿದ ‘ಡೈನಾಸ್ಟೀಸ್’ ಅನ್ನು ಉಚಿತವಾಗಿ ಕೊಟ್ಟರು. ಎರಡೂ ಇಂದು ಮೂಲ ಆಟದಲ್ಲೇ ಆಡಲು ಯೋಗ್ಯವಾಗಿವೆ.

ಏಜ್ ಆಫ್ ಎಂಪೈರ್ಸ್ 2

ಬೀಗವನ್ನು ಸರಿಯಾದುದಕ್ಕೆ ಹಾಕಿದರೆ ಆಟ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಈ ಆಟ ಸಾಕ್ಷಿ. 1999ರ ಆಟವನ್ನು 2019ರಲ್ಲಿ ‘ಡೆಫಿನಿಟಿವ್ ಎಡಿಶನ್’ ಆಗಿ ಹೊಸದಾಗಿ ತಂದಾಗ ಮೂಲದಲ್ಲೇ 35 ನಾಗರಿಕತೆಗಳಿದ್ದವು. ಅಲ್ಲಿಂದೀಚೆಗಿನ ಡಿಎಲ್‌ಸಿಗಳು ಕೊಡುವುದು ಹೊಸ ನಾಗರಿಕತೆ ಮತ್ತು ದಂಡಯಾತ್ರೆಗಳನ್ನು. ನಿಯಮಗಳ ತಿದ್ದುಪಡಿ, ದೋಷಗಳ ದುರಸ್ತಿ ಎಲ್ಲರಿಗೂ ಉಚಿತ. 2022ರ ‘ಡೈನಾಸ್ಟೀಸ್ ಆಫ್ ಇಂಡಿಯಾ’ದಲ್ಲಿ ದ್ರಾವಿಡರು, ಬಂಗಾಳಿಗಳು, ಗುರ್ಜರರು ಬಂದಾಗ ಅದನ್ನು ಕೊಳ್ಳದವರು ಆ ಸೈನ್ಯಗಳ ಎದುರು ಆಡಬಹುದಿತ್ತು, ಅವರ ಹಳೆಯ ಭಾರತೀಯ ನಾಗರಿಕತೆ ಹಿಂದೂಸ್ತಾನಿಗಳೆಂಬ ಹೊಸ ಹೆಸರಿನಲ್ಲಿ ಕೈಯಲ್ಲೇ ಉಳಿಯಿತು. ಹಣ ಕೊಟ್ಟವರಿಗೆ ಕೊಡದವರ ಮೇಲೆ ಯಾವ ಮೇಲುಗೈಯೂ ಇಲ್ಲ. ಕೊರತೆ ಬೇರೆ ಕಡೆಯಿದೆ: ಇದು ನಿಂತು ಯೋಚಿಸುವ ಆಟವಲ್ಲ, ಕೈಚಳಕ ಬೇಕು, ಆನ್‌ಲೈನ್‌ನಲ್ಲಿ ಮೊದಲ ಕೆಲವು ವಾರ ಸೋಲುವುದಕ್ಕೆ ಸಿದ್ಧರಿರಬೇಕು.

ಹಣ ಕೊಡಲೇ ಆಗದವರಿಗೆ

‘0 ಎ.ಡಿ.’ ಎಂಬ ಮುಕ್ತ ತಂತ್ರಾಂಶದ ಆಟ ಏಜ್ ಆಫ್ ಎಂಪೈರ್ಸ್ ಬಗೆಯದು. ಸ್ವಯಂಸೇವಕರು ಕಟ್ಟುತ್ತಿರುವ ಇದರಲ್ಲಿ ರೋಮನ್ನರು, ಕಾರ್ಥೇಜಿನವರು, ಮೌರ್ಯರು ಎಲ್ಲರೂ ಇದ್ದಾರೆ, ಮಾರಾಟಕ್ಕೆ ಏನೂ ಇಲ್ಲ. ಸಿವಿಲೈಸೇಶನ್ ಬಗೆಯ ಆಟಕ್ಕೆ 1996ರಿಂದ ನಡೆದುಬಂದಿರುವ ‘ಫ್ರೀಸಿವ್’ ಇದೆ; ಮೊಬೈಲ್‌ನಲ್ಲಿ ಆಡಬೇಕೆಂದರೆ ‘ಅನ್‌ಸಿವ್’ ಇದೆ. ಚಿತ್ರಗಳು ಸರಳವಾಗಿವೆ, ನಿಯಮಗಳು ಮಾತ್ರ ಗಟ್ಟಿ.

ಉಚಿತವೆಂದು ಜಾಹೀರಾತಿನಲ್ಲಿ ಕಾಣುವ ಮೊಬೈಲಿನ ಸಾಮ್ರಾಜ್ಯದ ಆಟಗಳನ್ನು ಇವುಗಳ ಜೊತೆಗೆ ಸೇರಿಸಬೇಡಿ. ಅಂಥದ್ದೊಂದನ್ನು ನಾನು ನಾಲ್ಕು ತಿಂಗಳು ಆಡಿದ್ದೇನೆ. ಮೊದಲ ದಿನ ಕೋಟೆಯ ಗೋಡೆ ಎರಡು ನಿಮಿಷದಲ್ಲಿ ಎದ್ದಿತು. ಮೂರನೆಯ ತಿಂಗಳಲ್ಲಿ ಅದೇ ಗೋಡೆಯ ಮುಂದಿನ ಹಂತಕ್ಕೆ ಒಂಬತ್ತು ದಿನ ಎಂದು ಗಡಿಯಾರ ತೋರಿಸಿತು, ಅದರ ಪಕ್ಕದಲ್ಲೇ ರತ್ನ ಕೊಟ್ಟು ಈಗಲೇ ಮುಗಿಸುವ ಹಸಿರು ಗುಂಡಿಯಿತ್ತು. ಒಂದು ರಾತ್ರಿ ರಕ್ಷಣೆಯ ಅವಧಿ ಮುಗಿದದ್ದನ್ನು ಗಮನಿಸದೆ ಮಲಗಿದೆ. ಬೆಳಿಗ್ಗೆ ನೋಡಿದರೆ ಆಸ್ಪತ್ರೆ ತುಂಬಿ ಉಳಿದ ಸೈನಿಕರೆಲ್ಲ ಸತ್ತಿದ್ದರು, ಮತ್ತು ಪರದೆ ತೆರೆದ ಕೂಡಲೇ ಸೈನ್ಯ ಮರುಕಟ್ಟಲು ವಿಶೇಷ ರಿಯಾಯಿತಿಯ ಕೊಡುಗೆ ಎದುರಿಗೆ ನಿಂತಿತ್ತು. ನನ್ನನ್ನು ಸೋಲಿಸಿದವನ ಯುದ್ಧತಂತ್ರದಿಂದ ಕಲಿಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಅವನ ಸೈನ್ಯ ನನ್ನದರ ಆರರಷ್ಟಿತ್ತು, ಅಷ್ಟೆ. ಇಂಥ ಆಟಗಳಿಗೆ ತಿಂಗಳ ಮಿತಿ ಹಾಕಿಕೊಂಡು ಹಣ ಕೊಡುತ್ತೇನೆ ಎನ್ನುವವರಿಗೂ ಬೇಡವೆಂದೇ ಹೇಳುತ್ತೇನೆ, ಏಕೆಂದರೆ ಆಟದ ಹದವೇ ಆ ಮಿತಿಯನ್ನು ಮುರಿಸುವಂತೆ ಕಟ್ಟಿರುತ್ತದೆ.

ಇನ್ನು ಗೆಳೆಯರೊಂದಿಗೆ ಆಡುವವರಿಗೆ ಒಂದು ಮಾತು. ಯುರೋಪಾ ಯೂನಿವರ್ಸಾಲಿಸ್ 4 ಮತ್ತು ಕ್ರುಸೇಡರ್ ಕಿಂಗ್ಸ್ 3ರ ಮಲ್ಟಿಪ್ಲೇಯರ್‌ನಲ್ಲಿ ಆಟವನ್ನು ನಡೆಸಿಕೊಡುವವರ ಬಳಿ ಇರುವ ಡಿಎಲ್‌ಸಿಗಳು ಸೇರಿಕೊಂಡ ಎಲ್ಲರಿಗೂ ಅನ್ವಯವಾಗುತ್ತವೆ. ನಾಲ್ವರು ಸೇರಿ ವಾರಕ್ಕೊಂದು ಸಂಜೆ ಆಡುವವರಾದರೆ ನಾಲ್ವರೂ ಮೂಲ ಆಟವನ್ನಷ್ಟೇ ಕೊಂಡು, ಒಬ್ಬರು ಚಂದಾ ಕಟ್ಟಿ ಉಳಿದವರು ಅದನ್ನು ಹಂಚಿಕೊಂಡರೆ ಸಾಕು. ಚಂದಾ ಕಟ್ಟುವವರು ಪ್ರತಿ ವಾರ ಬರಬಲ್ಲವರೇ ಎಂಬುದನ್ನು ಮಾತ್ರ ಮೊದಲೇ ಕೇಳಿಕೊಳ್ಳಿ, ಅವರು ಬಾರದ ಸಂಜೆ ಉಳಿದ ಮೂವರಿಗೂ ಮೂಲ ಆಟವೇ ಗತಿ.